ಅತ್ತಿ ತಣ್ಣೀರು ಕೇಳುತ್ತಿದ್ದಳು

ಮೊದಲು ಹೋದದ್ದು ಕೆಂಪು ಬಣ್ಣ.

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ನಾನು ಆಗ ಕಂಡಕ್ಟರ್. ಅವತ್ತು ಬೆಳಗಿನ ಬಸ್ಸು. ಕಿಟಕಿಯ ಪಕ್ಕ ಒಬ್ಬ ಹೆಣ್ಣುಮಗಳು ಹೊಸ ಕೆಂಪು ಸೀರೆ ಉಟ್ಟು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಅವಳ ಆಧಾರ್ ಕಾರ್ಡ್ ನೋಡಲು ಬಾಗಿದಾಗ ಎಡಗಣ್ಣಿಗೆ ಬಿಸಿಲು ಚುಚ್ಚಿತು. ಆ ಕಣ್ಣು ಮುಚ್ಚಿದೆ. ಸೀರೆ ಇದ್ದಕ್ಕಿದ್ದಂತೆ ಬಣ್ಣ ಕಳೆದುಕೊಂಡಿತು. ಬಹಳ ಸಲ ಒಗೆದು, ಹಗ್ಗದ ಮೇಲೆ ಮರೆತುಬಿಟ್ಟ ಬಟ್ಟೆಯ ಹಾಗೆ ಮಾಸಲಾಗಿ ಕಂಡಿತು. ಎಡಗಣ್ಣು ತೆರೆದರೆ ಮತ್ತೆ ಕೆಂಪು. ಮುಚ್ಚಿದರೆ ಮಾಸಲು.

ನನಗೆ ಹೆದರಿಕೆ ಆಗಲಿಲ್ಲ, ಅದೇ ವಿಚಿತ್ರ. ಸಿಂಧನೂರು ಬಿಟ್ಟರೆ ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆ. ಮಸ್ಕಿಯ ಗುಡ್ಡ ಹಿಂದೆ ಬಿದ್ದರೆ ಕರಿಯ ಹೊಲ, ಜೋಳ, ತೊಗರಿ. ದಿನಾ ನೋಡುವ ದಾರಿಯನ್ನು ಅವತ್ತು ಒಂದೊಂದೇ ಕಣ್ಣಿನಿಂದ ನೋಡುತ್ತ ಹೋದೆ. ಎಡಗಣ್ಣಿಗೆ ಹಸಿರು ಗದ್ದೆ. ಬಲಗಣ್ಣಿಗೆ ಅದೇ ಗದ್ದೆ, ಆದರೆ ಇನ್ನೂ ಬೆಳಕು ಹರಿಯದ ಹೊತ್ತಿನದು. ಒಂದೇ ದಾರಿಯಲ್ಲಿ ಎರಡು ಹೊತ್ತುಗಳು ಜೊತೆಗೆ ಓಡುತ್ತಿದ್ದ ಹಾಗಿತ್ತು. ನಿಲ್ದಾಣಗಳ ಹೆಸರು ಕೂಗುವುದನ್ನೂ ಮರೆತೆ.

ಡ್ರೈವರ್ ಹುಸೇನಪ್ಪ ನನ್ನ ತಂದೆಯ ವಯಸ್ಸಿನವರು. ಕನ್ನಡಿಯಲ್ಲಿ ನೋಡಿ ನಕ್ಕರು.

"ಯಾಕ ಶಾರದವ್ವ, ಬಸ್ಸಿನ ಮಂದಿಗೆಲ್ಲ ಕಣ್ಣು ಹೊಡ್ಯಾಕತ್ತಿಯಲ್ಲ?"

"ಒಂದ ಕಣ್ಣಿಗೆ ಬಣ್ಣ ಕಾಣವಲ್ದು ಕಾಕಾ."

ಅವರ ನಗು ನಿಂತಿತು. "ಇವತ್ತ ತೋರ್ಸು. ನಾಳಿ ಅನಬ್ಯಾಡ."

ಸಿಂಧನೂರಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ಬಿಟ್ಟು ನೋಡಿದರು. ಕಣ್ಣು ಚೆನ್ನಾಗಿದೆ, ಅದರ ಹಿಂದಿನ ನರ ಬಾತಿದೆ ಅಂದರು. ಮಾತ್ರೆ ಕೊಟ್ಟರು. ಮತ್ತೇನಾದರೂ ಆದರೆ ಕೂಡಲೇ ಬರಬೇಕು, ತಲೆಯ ಸ್ಕ್ಯಾನ್ ಮಾಡಿಸಬೇಕಾಗಬಹುದು ಎಂದು ಹೇಳಿ ಕಳಿಸಿದರು. ಕೆಲವು ವಾರಗಳಲ್ಲಿ ಬಣ್ಣ ಮೆಲ್ಲಗೆ ಹಿಂದಕ್ಕೆ ಬಂತು. ಮೊದಲು ಹಳದಿ ಬಂತು, ಆಮೇಲೆ ಹಸಿರು. ಕಡೆಗೆ ಒಂದು ದಿನ ದೇವರ ಮುಂದಿನ ಕುಂಕುಮ ಕುಂಕುಮದ ಹಾಗೇ ಕಂಡಿತು. ನನ್ನ ಗಂಡ ಅಮರೇಶ ಅಕ್ಕಿ ಗಿರಣಿಯಲ್ಲಿ ಮಷೀನ್ ನೋಡಿಕೊಳ್ಳುತ್ತಾನೆ. ಅವತ್ತು ತಲೆಗೂದಲಲ್ಲಿ ತೌಡು ತುಂಬಿಕೊಂಡು ಬಂದವನು ನನ್ನ ಮುಂದೆ ತನ್ನ ಕೆಂಪು ಟವೆಲ್ ಹಿಡಿದು "ಇದ್ಯಾವ ಬಣ್ಣ?" ಅಂದ. ಹೇಳಿದೆ. ಆ ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಚಳಿಗಾಲದಲ್ಲಿ ಇನ್ನೊಂದು ಶುರುವಾಯಿತು. ಟಿಕೆಟ್ ಮಷೀನ್ ನೋಡಲು ಕುತ್ತಿಗೆ ಬಗ್ಗಿಸಿದರೆ ಬೆನ್ನಿನೊಳಗೆ ಸಣ್ಣ ಕರೆಂಟು ಹರಿದು ಕಾಲಿನ ತುದಿಗೆ ಹೋಗಿ ಆರುತ್ತಿತ್ತು. ನೋವಲ್ಲ, ಮೈಯೊಳಗೆ ಯಾರೋ ಬೆರಳಿನಿಂದ ತಂತಿ ಮೀಟಿದ ಹಾಗೆ. ಎಲ್ಲರೂ ಮಷೀನಿನ ಮೇಲೆ ಅನುಮಾನಪಟ್ಟೆವು. ಡಿಪೋದಲ್ಲಿ ಬದಲಿಸಿ ಕೊಟ್ಟರು. ಹೊಸದರಲ್ಲೂ ಅದೇ. "ಈ ಮಷೀನೂ ಕಚ್ಚತೈತೇನು?" ಎಂದು ಹುಸೇನಪ್ಪ ಅದನ್ನು ಎರಡು ಬೆರಳಲ್ಲಿ ಚೇಳು ಹಿಡಿದಂತೆ ಹಿಡಿದು ನೋಡಿದರು. ಅವರಿಗೆ ಏನೂ ಆಗಲಿಲ್ಲ. ಮನೆಗೆ ಬಂದು ತಲೆಬಾಚುವಾಗ ಬಗ್ಗಿದೆ. ಕೈಯಲ್ಲಿ ಬಾಚಣಿಗೆ ಮಾತ್ರ ಇತ್ತು. ಕರೆಂಟು ಹರಿಯಿತು. ಆಗ ನನಗೆ ಮೊದಲ ಸಲ ಭಯವಾಯಿತು.

ಆಮೇಲೆ ಪಾದಗಳು ದೂರವಾದವು. ಕೆಳಗೆ ನೋಡಿದರೆ ಇದ್ದಾವೆ, ನೋಡದಿದ್ದರೆ ಇಲ್ಲ. ಗಟ್ಟಿ ನೆಲವೇ ಮಸ್ಕಿ ಹಳ್ಳದ ಉಸುಕಿನ ಹಾಗೆ ಕುಸಿಯುತ್ತಿತ್ತು. ಜುಮುಜುಮು ಅನ್ನುವುದು ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು, ಎದೆಯ ಕೆಳಗೆ ಬಂದು ಒಡ್ಯಾಣ ಬಿಗಿದಂತೆ ನಿಂತಿತು. ಮಸ್ಕಿ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ಬಸ್ಸಿನ ಮೆಟ್ಟಿಲು ಇಳಿಯಲು ಕಾಲಿಟ್ಟೆ. ಕಾಲು ನಾನು ಇಟ್ಟಲ್ಲಿ ಇರಲಿಲ್ಲ. ಕೆಳಗಿದ್ದ ಹಣ್ಣಿನ ಬುಟ್ಟಿಯ ಹೆಂಗಸು ನನ್ನನ್ನು ಎದೆಗೆ ಆನಿಸಿ ಹಿಡಿದಳು. ಅವಳ ಸೆರಗಿನಿಂದ ಪೇರಲ ಹಣ್ಣಿನ ವಾಸನೆ ಬಂತು. "ಬಿಡಂಗಿಲ್ಲವ್ವ, ಅಂಜಬ್ಯಾಡ" ಎಂದು ಹೇಳುತ್ತಲೇ ಇದ್ದಳು. ಹುಸೇನಪ್ಪ ಇಂಜಿನ್ ಬಂದ್ ಮಾಡಿ, ಪ್ರಯಾಣಿಕರ ಕಡೆ ತಿರುಗಿ, "ಸ್ವಲ್ಪ ತಡಾ ಆಕೈತ್ರಿ, ನಮ್ಮ ಹುಡುಗಿಗೆ ಆರಾಮಿಲ್ಲ" ಅಂದರು. ಒಬ್ಬರೂ ಗೊಣಗಲಿಲ್ಲ.

ರಾಯಚೂರಿನಲ್ಲಿ ತೋರಿಸಿದಾಗ ಹೈದರಾಬಾದಿಗೆ ಹೋಗಿ ಅಂದರು. ಅಮರೇಶ ಬಂದ. ತವರೂರು ಸಂತೆಕಲ್ಲೂರಿನಿಂದ ಅಪ್ಪ ಬಂದ, ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ದಾರಿಯುದ್ದಕ್ಕೂ ಅಪ್ಪ ನನ್ನ ಕಾಲನ್ನೇ ನೋಡುತ್ತಿದ್ದ, ನಾನು ನೋಡಿದರೆ ಕಿಟಕಿಯ ಕಡೆ ತಿರುಗುತ್ತಿದ್ದ.

ಕಾಯುವ ಕೋಣೆ ಎಂದರೆ ಈಗಲೂ ನನ್ನ ಕಣ್ಣಮುಂದೆ ಆ ಕೋಣೆಯೇ ಬರುತ್ತದೆ. ಉದ್ದನೆಯ ಬಿಳಿ ಕೋಣೆ, ಬಿಳಿ ದೀಪ, ಹೊರಗೆ ಯಾವ ಹೊತ್ತಾಗಿದೆ ಎಂದು ತಿಳಿಯದಂಥ ತಂಪು. ಯಾರ್‍ಯಾರದೋ ಹೆಸರುಗಳನ್ನು ಕರೆಯುತ್ತಿದ್ದರು. ಹೆಸರಿನವರು ಎದ್ದು ಹೋಗುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು. ಎಲ್ಲರೂ ಒಂದೇ ಬಸ್ಸಿಗೆ ಕಾಯುತ್ತಿದ್ದೇವೆ, ಆ ಬಸ್ಸಿಗೆ ಬೋರ್ಡು ಮಾತ್ರ ಇಲ್ಲ ಅನ್ನಿಸುತ್ತಿತ್ತು. ನನ್ನ ಪಕ್ಕ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡ ಒಬ್ಬ ಯುವಕ ಕೂತಿದ್ದ. ಕಾಲೇಜಿನಲ್ಲಿ ಪಾಠ ಮಾಡುತ್ತಾನಂತೆ. ನಾನು ನಡೆದು ಬಂದ ರೀತಿ ನೋಡಿದ್ದ. ತೆಲುಗಿನಲ್ಲಿ ಕೇಳಿದ, "ಮೊದಲು ಕಣ್ಣಾ, ಕಾಲಾ?" ಸಿಂಧನೂರಿನ ಬಸ್ಸಿನಲ್ಲಿ ತೆಲುಗು ಕೇಳಿಕೇಳಿ ನನಗೆ ಬರುತ್ತದೆ. ಕಣ್ಣು ಅಂದೆ. ಅವನು, ನನಗೂ, ಅಂದ. ಬಹಳ ವರ್ಷವಾಯಿತು, ಇವತ್ತು ಒಬ್ಬನೇ ಬೈಕ್ ಓಡಿಸಿಕೊಂಡು ಬಂದಿದ್ದೇನೆ ಅಂದ. ಅಷ್ಟೇ. ಅವನ ಹೆಸರು ಕರೆದರು, ಎದ್ದು ಹೋದ. ಯಾವ ಕಾಯಿಲೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅವನ ಬೈಕಿನ ಮಾತು ನನ್ನ ಮಡಿಲಲ್ಲಿ ಉಳಿಯಿತು.

ಸ್ಕ್ಯಾನ್ ಮಾಡುವಲ್ಲಿ ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಅಂದರು. ಕಾಲುಂಗುರ ಕಳಚುವಾಗ ಬೆರಳಿಗೆ ಅದು ತಿಳಿಯಲೇ ಇಲ್ಲ. ತಾಳಿ, ಬಳೆ, ಕಾಲುಂಗುರ ಎಲ್ಲವನ್ನೂ ಅಮರೇಶ ಎರಡೂ ಅಂಗೈಯಲ್ಲಿ ಹಿಡಿದು ನಿಂತ. ಜೇಬಿಗೆ ಹಾಕಿಕೋ ಅಂದೆ. "ಇರ್ಲಿ, ಹಿಡ್ಕೊಂಡಿರ್ತೀನಿ" ಅಂದ. ನಾನು ಹೊರಗೆ ಬಂದಾಗಲೂ ಅವನು ಹಾಗೇ ನಿಂತಿದ್ದ, ಅಂಗೈ ಬೆವರಿತ್ತು.

ಒಳಗೆ, ಆ ಕೊಳವೆಯಲ್ಲಿ ಮಲಗಿದಾಗ, ಅಲುಗಾಡಬಾರದು ಅಂದಿದ್ದರು. ಬಡಿತ ಶುರುವಾಯಿತು. ಟಕಟಕ, ಆಮೇಲೆ ದೂರದಲ್ಲಿ ಗಿರಣಿ ತಿರುಗುವ ಸದ್ದು, ಆಮೇಲೆ ಯಾರೋ ಒಂದೇ ಬಾಗಿಲನ್ನು ಸಮಾಧಾನದಿಂದ ತಟ್ಟುತ್ತಿರುವ ಸದ್ದು. ಕಣ್ಣು ಮುಚ್ಚಿದ್ದೆ. ಎಚ್ಚರವೋ ನಿದ್ದೆಯೋ, ನಾನು ಬಸ್ಸಿನಲ್ಲಿದ್ದೆ. ಬಸ್ಸಿನ ತುಂಬ ಜನ ಮಲಗಿದ್ದರು, ಒಬ್ಬರ ಹೆಗಲ ಮೇಲೆ ಒಬ್ಬರು. ಕಿಟಕಿಯಿಂದ ಗದ್ದೆಯ ನೀರಿನ ಬೆಳಕು ಬಂದು ಅವರ ಮುಖಗಳ ಮೇಲೆ ಆಡುತ್ತಿತ್ತು. ನಾನು ಯಾರನ್ನೂ ಎಬ್ಬಿಸದೆ ನಡುವೆ ನಡೆಯುತ್ತಿದ್ದೆ, ಯಾವ ಕಂಬವನ್ನೂ ಹಿಡಿಯದೆ. ಕಾಲು ಹಗುರವಾಗಿತ್ತು. ಮಷೀನ್ ನಿಂತಾಗ ಹೊರಗೆ ಬರಲು ಮನಸ್ಸೇ ಇರಲಿಲ್ಲ.

ಬೆನ್ನಿನಿಂದ ನೀರು ತೆಗೆದರು. ಕಪ್ಪು ಬಿಳಿ ಚೌಕಗಳು ಕುಣಿಯುವ ಪರದೆಯ ಮುಂದೆ ಕೂರಿಸಿ ಕಣ್ಣಿನ ನರ ಎಷ್ಟು ಜಲ್ದಿ ಸುದ್ದಿ ಒಯ್ಯುತ್ತದೆ ಎಂದು ನೋಡಿದರು. ಆಮೇಲೆ ಡಾಕ್ಟರು ನಮ್ಮ ಮೂವರನ್ನೂ ಒಳಗೆ ಕರೆದರು. ಅವರು ಕಲಬುರಗಿ ಕಡೆಯವರು, ನಡುವಯಸ್ಸಿನ ಹೆಂಗಸು. ಅವರ ಬಾಯಿಂದ ನಮ್ಮ ಕಡೆಯ ಕನ್ನಡ ಕೇಳಿದ ಕೂಡಲೇ ಅಪ್ಪನ ಭುಜ ಸ್ವಲ್ಪ ಸಡಿಲವಾಯಿತು.

ಪರದೆಯ ಮೇಲೆ ನನ್ನ ಮಿದುಳು ಇತ್ತು. ಬೂದು ಬಣ್ಣದ್ದು, ಸುಮ್ಮನೆ ಮಲಗಿತ್ತು. ಅದರೊಳಗೆ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಡಾಕ್ಟರು ಒಂದನ್ನು ದೊಡ್ಡದು ಮಾಡಿದರು. ಚುಕ್ಕೆಯ ನಟ್ಟನಡುವೆ ಕೂದಲೆಳೆಯಂಥ ಕಪ್ಪು ಗೆರೆ.

"ಈ ಗೆರಿ ನೋಡ್ರಿ, ಇದು ಸಣ್ಣ ರಕ್ತನಾಳ. ಹಳೀ ಮಷೀನಿನ್ಯಾಗ ಇದು ಕಾಣ್ತಿದ್ದಿಲ್ಲ. ಬಿಳಿ ಚುಕ್ಕಿ ಬ್ಯಾರೆ ಜಡ್ಡಿಗೂ ಬರ್ತಾವ. ಆದ್ರ ಬಹಳ ಚುಕ್ಕಿ ನಡುವ ಹಿಂಗ ನಾಳ ಇದ್ರ, ನಮಗ ಹೆಸರು ಹೇಳಾಕ ಧೈರ್ಯ ಬರ್ತದ."

ಹೆಸರು ಹೇಳಿದರು. ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಪಡೆಯೇ ತಪ್ಪು ತಿಳಿದು ನರಗಳ ಮೇಲಿನ ಹೊದಿಕೆಯನ್ನು ತಿನ್ನುತ್ತದೆ ಅಂದರು. ಯಾಕೆ ಎಂದು ಅಮರೇಶ ಕೇಳಿದ. ಸಣ್ಣವರಿದ್ದಾಗ ಹೆಚ್ಚುಕಡಿಮೆ ಎಲ್ಲರಿಗೂ ಬಂದು ಹೋಗುವ ಒಂದು ವೈರಸ್ಸಿನ ಕೈ ಇದರಲ್ಲಿದೆ ಎಂದು ಈಗೀಗ ಗೊತ್ತಾಗಿದೆ. ಆದರೆ ಎಲ್ಲರನ್ನೂ ಬಿಟ್ಟು ಇವರಿಗೇ ಯಾಕೆ ಎನ್ನುವುದು ನನಗೂ ಗೊತ್ತಿಲ್ಲ ಅಂದರು. ಗೊತ್ತಿಲ್ಲ ಎಂದು ಡಾಕ್ಟರೊಬ್ಬರು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಅದಕ್ಕೇ ಅವರ ಉಳಿದ ಮಾತನ್ನು ನಂಬಿದೆ.

ಆಮೇಲೆ ಅವರು ಸುಮ್ಮನೆ, ಬರೆಯುತ್ತ ಬರೆಯುತ್ತ, ಇನ್ನೊಂದು ಮಾತು ಕೇಳಿದರು. "ಬಿಸಿನೀರ ಜಳಕ ಮಾಡಿದ್ರ ಕಣ್ಣು ಮಂಜ ಆಗ್ತದೇನು? ಕಾಲು ಸೋಲ್ತಾವೇನು?"

ಹೌದು ಅನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅಪ್ಪ ಮೇಜಿನ ತನಕ ಬಂದ.

"ಅಕಿ ತಣ್ಣೀರು ಬೇಡ್ತಿದ್ದಳ್ರಿ," ಅಂದ. "ಚಳಿಗಾಲದಾಗೂ ತಣ್ಣೀರ. ಬಿಸಿಲು ಬಂದ್ರ ತಲಿಮ್ಯಾಲ ಕೊಡಾ ಸುರೀ ಅಂತಿದ್ದಳು."

"ಯಾರು?"

"ನನ್ನ ತಂಗಿ, ನೀಲಮ್ಮ. ಮಂದಿ ಹುಚ್ಚು ಅಂದ್ರು. ನಾವೂ ದೇವರು ದಿಂಡರು ಎಲ್ಲಾ ಮಾಡಿದ್ವಿ. ಅಕಿಗೂ ಮೊದಲ ಕಣ್ಣೇ ಹೋಗಿ ಬಂದಿತ್ತರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಎಲ್ಲಿದ್ದಾರ ಅವರು?"

"ಮನ್ಯಾಗ ಐದಾಳ."

ನೀಲಮ್ಮತ್ತಿ ನನಗೆ ಬುದ್ಧಿ ಬಂದಾಗಿನಿಂದ ಸಂತೆಕಲ್ಲೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಇದ್ದಳು. ಅವಳನ್ನು ಬಳಗಾನೂರಿಗೆ ಕೊಟ್ಟಿದ್ದರು. ಕಾಲುವೆ ಕಡೆಯ ಊರು, ಗದ್ದೆ ಇದ್ದ ಮನೆ. ನಾಟಿಯ ಕಾಲದಲ್ಲಿ ಕೆಸರಿನಲ್ಲಿ ನಿಂತವಳು ಎದ್ದು ಬರಲಾರದೆ ಅಲ್ಲೇ ಕೂತುಬಿಡುತ್ತಿದ್ದಳಂತೆ. ಬಿಸಿಲೇರಿದರೆ ಕಣ್ಣು ಕಾಣುವುದಿಲ್ಲ ಅನ್ನುತ್ತಿದ್ದಳಂತೆ. ಸಂಜೆ ತಂಪಾದರೆ ಕಾಣುತ್ತದೆ ಅನ್ನುತ್ತಿದ್ದಳಂತೆ. ಕೆಲಸದ ಹೊತ್ತಿಗೆ ಕುರುಡು, ಊಟದ ಹೊತ್ತಿಗೆ ಕಣ್ಣು, ಇದು ನಾಟಕ ಎಂದರು. ಒಂದು ದಿನ ಗಂಡ ಕರೆತಂದು ನಮ್ಮ ಮನೆಯ ಮುಂದೆ ಇಳಿಸಿ, ಆರಾಮಾದ ಮೇಲೆ ಕಳಿಸಿ ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ನಾನು ನೋಡುವ ಹೊತ್ತಿಗೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಆಮೇಲೆ ಕೋಲು. ಆಮೇಲೆ ಕೈಯೂರಿ ಸರಿಯುವುದು. ಕಾಲುಗಳು ಮಡಿಚಿಕೊಂಡು ಬಿಗಿದಿದ್ದವು. ಮಾತು ಮಾತ್ರ ಹರಿತ.

ನನಗೆ ಡ್ರಿಪ್‌ನಲ್ಲಿ ಸ್ಟಿರಾಯ್ಡ್ ಕೊಟ್ಟರು. ಬಾಯಲ್ಲಿ ಹಿತ್ತಾಳೆ ನೆಕ್ಕಿದ ರುಚಿ, ಕಣ್ಣಿಗೆ ನಿದ್ದೆಯಿಲ್ಲ. ಹನಿ ಬೀಳುವುದನ್ನು ನೋಡುತ್ತ ಮಲಗಿದವಳಿಗೆ ಪಡಸಾಲೆಯೇ ಕಾಣುತ್ತಿತ್ತು. ಬೇರೆ ರೋಗಿಗಳಿಗೆ ತಮ್ಮ ಮುಂದಿನ ದಿನ ಹೇಗೋ ಏನೋ, ಗೊತ್ತಿರುವುದಿಲ್ಲ. ನನ್ನದು ನಮ್ಮ ಮನೆಯಲ್ಲೇ, ಕಂಬಕ್ಕೆ ಒರಗಿ, ತೊಗರಿಯಲ್ಲಿ ಕಲ್ಲು ಆರಿಸುತ್ತ ಕೂತಿತ್ತು.

ಡಾಕ್ಟರಿಗೆ ಇದನ್ನು ಹೇಳಿಬಿಟ್ಟೆ. "ನಾನೂ ಅಕಿಯಂಗ ಆಕ್ಕೀನೇನ್ರಿ?"

ಅವರು ಮಂಚದ ಅಂಚಿನಲ್ಲಿ ಕೂತರು. "ನಿಮ್ಮ ನೀಲಮ್ಮತ್ತಿಗೆ ಜಡ್ಡು ಬಂದಾಗ ಇದನ್ನ ನೋಡೂ ಕಣ್ಣೂ ಇರಲಿಲ್ಲ, ತಡಿಯೂ ಔಷಧಾನೂ ಇರಲಿಲ್ಲ. ಮೊದಲು ನಾವು ಎರಡನೇದು, ಮೂರನೇದು ಬರ್ಲಿ ಅಂತ ಕಾಯ್ತಿದ್ವಿ, ಆಮ್ಯಾಲ ಹೆಸರು ಹೇಳ್ತಿದ್ವಿ. ಈಗ ಕಾಯೂದಿಲ್ಲ. ಜಲ್ದಿ ಹಿಡಿತೀವಿ, ಜಲ್ದಿ ಔಷಧ ಶುರು ಮಾಡ್ತೀವಿ. ಏನೂ ಆಗೂದಿಲ್ಲ ಅಂತ ಆಣಿ ಮಾಡೂದಿಲ್ಲ. ಆದ್ರ ಅವರ ದಾರಿ ಬ್ಯಾರೆ, ನಿಮ್ಮ ದಾರಿ ಬ್ಯಾರೆ."

ನನ್ನ ಕಾಲುಗಳು ಪೂರ್ತಿ ಅಲ್ಲದಿದ್ದರೂ ಬಹಳಷ್ಟು ಹಿಂದಕ್ಕೆ ಬಂದವು. ಆರು ತಿಂಗಳಿಗೊಮ್ಮೆ ಹೋಗಿ, ಒಂದು ದಿನ ಮಲಗಿ, ರಕ್ತನಾಳದೊಳಗೆ ಹನಿಹನಿಯಾಗಿ ಇಳಿಯುವ ಔಷಧಿ ತೆಗೆದುಕೊಳ್ಳಬೇಕು ಎಂದಾಯಿತು. ಮೊದಲನೆಯದು ಮುಗಿಸಿಕೊಂಡು ಬಂದ ಮೇಲೆ ಸುಧಾರಿಸಿಕೊಳ್ಳಲು ಅಪ್ಪನ ಜೊತೆ ಮಸ್ಕಿಗೆ ಬಂದೆ, ಅಲ್ಲಿಂದ ಟಂಟಂ ಆಟೋ ಹತ್ತಿ ಸಂತೆಕಲ್ಲೂರಿಗೆ.

ಅತ್ತಿ ಪಡಸಾಲೆಯಲ್ಲಿದ್ದಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ನಾನು ಹೊಸ್ತಿಲು ದಾಟುವಾಗ ಚೌಕಟ್ಟು ಹಿಡಿದೆ. ಅವಳು ನನ್ನ ಮುಖ ನೋಡಲಿಲ್ಲ, ಚೌಕಟ್ಟಿನ ಮೇಲಿದ್ದ ಕೈ ನೋಡಿದಳು.

"ಬಾ ಇಲ್ಲೆ," ಅಂದಳು. ಪಕ್ಕದಲ್ಲಿ ಕೂತೆ. ನನ್ನ ಪಾದ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಗೀರಿದಳು. "ಗೊತ್ತಾಕೈತಿ?"

"ಅರ್ಧಾ."

"ಮುಂಜಾನಿ ಎದ್ದಾಗ ಕಾಲು ಸಂಗಾಟ ಅದಾವೋ, ಎಲ್ಲೋ ಇಟ್ಟು ಮರತು ಬಂದೀನೋ ಅನಸ್ತೈತೇನು?"

ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ. ಹೈದರಾಬಾದಿನಲ್ಲಿ ಇಲ್ಲ, ಬಸ್ಸಿನಲ್ಲಿ ಇಲ್ಲ, ಅಮರೇಶನ ಮುಂದೆ ಇಲ್ಲ. ಆ ಮಾತನ್ನು ಯಾರಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನೇ ಒಳಗೆ ಇಟ್ಟುಕೊಂಡಿದ್ದೆ. ಅವಳ ಬಾಯಿಂದ ಅದು ಸೀದಾ ಬಂದಾಗ ಅವಳ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. ಅವಳು ನನ್ನ ಪಾದ ಹಿಡಿದುಕೊಂಡೇ ಇದ್ದಳು. ಹಿತ್ತಲಲ್ಲಿ ಯಾರೋ ಜೋಳ ಕೇರುವ ಸದ್ದು ಬರುತ್ತಿತ್ತು, ಹೊಟ್ಟು ಬೆಳಕಿನಲ್ಲಿ ತೇಲಿ ಒಳಗೆ ಬರುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ.

ಆಮೇಲೆ ಎಲ್ಲವನ್ನೂ ಹೇಳಿದೆ. ಚುಕ್ಕೆಗಳು, ಗೆರೆ, ಬಿಸಿನೀರಿನ ಮಾತು. ಡಾಕ್ಟರು ನಿನ್ನನ್ನೂ ಕರೆತರಲು ಹೇಳಿದ್ದಾರೆ ಅಂದೆ.

"ನನ್ನ ಏನು ನೋಡ್ತಾರ? ಮುಗದ ಸಂತಿ ಇದು," ಅಂದಳು. ಅಪ್ಪ ಹೇಳಿದ, ಅಮರೇಶ ಬಂದು ಹೇಳಿದ. ಇಲ್ಲ ಅಂದರೆ ಇಲ್ಲ. ಮುದುಕಿಯನ್ನು ಹೊತ್ತುಕೊಂಡು ಮೆರವಣಿಗೆ ಮಾಡಬೇಡಿ ಅಂದಳು. ಅವಳಿನ್ನೂ ಮುದುಕಿಯೇನಲ್ಲ, ಐವತ್ತು ದಾಟಿದೆ ಅಷ್ಟೇ.

ಕೆಲವು ದಿನ ಕಳೆದ ಮೇಲೆ, ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ತಾನಾಗಿಯೇ ಕೇಳಿದಳು. "ಆ ಚಿತ್ರದಾಗ ಹಳೀದೂ ಕಾಣ್ತೈತೇನು? ಬಹಳ ಹಳೀದು?"

"ಕಾಣ್ತೈತಂತ. ಗಾಯದ ಕಲಿ ಇರ್ತಾವಂತ."

ಜಡೆ ಹಾಕಿ ಮುಗಿಸಿದಾಗ, "ಗಾಡಿ ತಣ್ಣಗ ಇರಬೇಕು ನೋಡು. ಬಿಸಿಲಾಗ ಒಯ್ದ್ರ ನಾ ಬರಂಗಿಲ್ಲ," ಅಂದಳು.

ಎಸಿ ಇದ್ದ ಕಾರು ಮಾಡಿಕೊಂಡು ಹೋದೆವು. ಅಮರೇಶ ಅವಳನ್ನು ಕೂಸಿನ ಹಾಗೆ ಎತ್ತಿ ಕೂರಿಸಿದ. ನಸುಕಿನಲ್ಲಿ ಹೊರಟಿದ್ದೆವು. ಸಿಂಧನೂರಿನ ಗದ್ದೆಗಳ ಮೇಲೆ ಮಂಜು ಮಲಗಿತ್ತು, ಕೊಕ್ಕರೆಗಳು ಅದರೊಳಗೆ ಅರ್ಧ ಮುಳುಗಿ ನಿಂತಿದ್ದವು. ಅತ್ತಿ ಗಾಜಿಗೆ ಹಣೆ ಹಚ್ಚಿ ಕೂತಿದ್ದಳು. ಗದ್ದೆ ಮುಗಿಯುವವರೆಗೂ ಹಣೆ ತೆಗೆಯಲಿಲ್ಲ. ಅವಳಿಗೆ ಯಾವ ಗದ್ದೆ ಕಾಣುತ್ತಿತ್ತೋ, ಯಾವ ಕಾಲದ್ದೋ, ನಾನು ಕೇಳಲಿಲ್ಲ.

ಸ್ಕ್ಯಾನ್ ಕೋಣೆಯ ಹುಡುಗಿ ಅವಳ ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ಮೇಲೆ ಮೆತ್ತನೆಯ ಪಟ್ಟಿ ಬಿಗಿದು, ನೋವಾದರೆ ಒತ್ತಲು ಕೈಯಲ್ಲಿ ಒಂದು ರಬ್ಬರ್ ಗುಂಡಿ ಕೊಟ್ಟಳು. ಅತ್ತಿ ಒಮ್ಮೆಯೂ ಒತ್ತಲಿಲ್ಲ. ಹೊರಗೆ ಬಂದಾಗ ಮುಖ ತೊಳೆದ ಹಾಗಿತ್ತು. "ತಗಡಿನ ಮ್ಯಾಲ ಆಣಿಕಲ್ಲ ಮಳಿ ಬಿದ್ದಂಗಾತು," ಅಂದಳು. "ಒಳಗ ತಂಪಿತ್ತು, ಚಲೋ ಇತ್ತು."

ಡಾಕ್ಟರು ಅವಳ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆನ್ನುಹುರಿಯ ಚಿತ್ರವನ್ನೂ ನೋಡಿದರು. ಬೆನ್ನಿನ ನೀರಿನ ಫಲಿತಾಂಶ ಬರುವವರೆಗೆ ಎರಡು ರಾತ್ರಿ ಅಲ್ಲೇ ಉಳಿದೆವು. ಆಮೇಲೆ ನಮ್ಮನ್ನೆಲ್ಲ ಕರೆದರು. ಅಪ್ಪ ಒಳಗೆ ಬರಲು ಹಿಂಜರಿದ, ಅತ್ತಿಯೇ "ಬಾ ಅಣ್ಣಾ" ಅಂದಳು.

ನನ್ನ ಚಿತ್ರದಲ್ಲಿ ಬಿಳಿ ಇದ್ದ ಕಡೆ ಅವಳದರಲ್ಲಿ ಕಪ್ಪು ಕುಳಿಗಳಿದ್ದವು. ಒಂದಲ್ಲ, ಹಲವು. ಎಲ್ಲ ಹಳೆಯವು, ಆರಿದವು. ಹೊಸದು ಯಾವುದೂ ಇಲ್ಲ. ಡಾಕ್ಟರು ಮೆಲ್ಲಗೆ ಒಂದೊಂದನ್ನೇ ತೋರಿಸಿದರು. ಇದು ಕಣ್ಣಿನ ದಾರಿ, ಇದು ಕಾಲಿನದು, ಇದು ಸಮತೋಲದ್ದು. ಅತ್ತಿ ಮುಂದಕ್ಕೆ ಬಾಗಿ, ಯಾರೋ ಬಹಳ ದಿನದ ಮೇಲೆ ಸಿಕ್ಕವರನ್ನು ನೋಡುವ ಹಾಗೆ ನೋಡಿದಳು.

"ನಿಮಗೂ ಇದೇ ಜಡ್ಡರಿ. ಅನುಮಾನ ಇಲ್ಲ," ಅಂದರು ಡಾಕ್ಟರು.

"ಒಂದ ಮಾತು ಕೇಳ್ಳೇನ್ರಿ?"

"ಕೇಳ್ರಿ."

"ನಾ ನಾಟಕ ಮಾಡಿದ್ದಿಲ್ಲ ಅನ್ನೂದು ಇದರಾಗ ಕಾಣ್ತೈತೇನ್ರಿ?"

ಡಾಕ್ಟರು ಕನ್ನಡಕ ತೆಗೆದರು. "ಕಾಣ್ತದರಿ," ಅಂದರು. "ಸ್ಪಷ್ಟ ಕಾಣ್ತದ."

ಅತ್ತಿ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡಳು. ಅಳಲಿಲ್ಲ. ಅತ್ತದ್ದು ಅಪ್ಪ. ಆಗಲೇ ಕರೆತಂದಿದ್ದರೆ ಎಂದು ಏನೋ ಕೇಳಲು ಹೊರಟ, ಮಾತು ಮುಗಿಯಲಿಲ್ಲ. ಡಾಕ್ಟರಿಗೆ ಅರ್ಥವಾಯಿತು. "ಆವಾಗ ಬಂದಿದ್ರೂ ನಮ್ಮ ಕೈಯಾಗ ಏನೂ ಇರಲಿಲ್ಲರಿ ಯಜಮಾನ್ರ. ನೀವು ಅವರನ್ನ ಮನ್ಯಾಗ ಇಟ್ಕೊಂಡು ನೋಡಿದ್ರಲ್ಲ, ಅದೇ ಆವಾಗಿನ ಔಷಧ." ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಆ ಒಂದು ಮಾತಿಗೆ ನಾನು ಆ ಡಾಕ್ಟರಿಗೆ ಎಂದೆಂದಿಗೂ ಋಣಿ.

ನನ್ನ ಔಷಧಿ ಅವಳಿಗೆ ಕೊಡಲಿಲ್ಲ. ಬೆಂಕಿ ಆರಿದ ಮೇಲೆ ನೀರು ಹಾಕಿ ಫಲವಿಲ್ಲ ಅಂದರು. ಕಾಲಿನ ಬಿಗಿತ ಸಡಿಲಿಸಲು ಮಾತ್ರೆ ಕೊಟ್ಟರು, ದಿನವೂ ಕಾಲು ಚಾಚಿಸುವ ಬಗೆ ತೋರಿಸಿಕೊಟ್ಟರು, ಗಾಲಿಕುರ್ಚಿಗೆ ಬರೆದುಕೊಟ್ಟರು.

ತಿರುಗಿ ಬರುವಾಗ ಸಿಂಧನೂರು ದಾಟಿದ ಮೇಲೆ ಅಮರೇಶ ಹಿಂದೆ ತಿರುಗಿ ಕೇಳಿದ. "ಬಳಗಾನೂರಿನ ಮ್ಯಾಲ ಹೋಗೂನೇನ್ರಿ ಅತ್ತಿ? ಈ ಫೋಟೋ ತೋರ್ಸಿ ಬರೂನು ಅವರಿಗೆ."

ಅತ್ತಿ ದೊಡ್ಡ ಲಕೋಟೆಯನ್ನು ಎದೆಗೆ ಆನಿಸಿಕೊಂಡಿದ್ದಳು.

"ಅವರಿಗೇನು ತೋರ್ಸೂದು ತಮ್ಮಾ? ನನಗ ತೋರ್ಸಿದ್ರಲ್ಲ, ಸಾಕು. ಸೀದಾ ನಡಿ."

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಾನು ಈಗ ಬಸ್ಸಿನೊಳಗೆ ನಿಂತು ಟಿಕೆಟ್ ಕೊಡುವುದಿಲ್ಲ. ಸಿಂಧನೂರಿನ ನಿಲ್ದಾಣದಲ್ಲಿ ಪಾಸ್ ಕೊಡುವ ಕಿಟಕಿಯ ಹಿಂದೆ ಕೂರುತ್ತೇನೆ, ಫ್ಯಾನಿನ ಕೆಳಗೆ. ಹುಸೇನಪ್ಪ ನಿವೃತ್ತರಾದರು, ಆದರೂ ಬಂದು ಕಿಟಕಿಯಲ್ಲಿ ಇಣುಕುತ್ತಾರೆ. ಬೇಸಿಗೆಯಲ್ಲಿ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತೇನೆ. ಕೆಲವು ದಿನ ಏನೂ ಮಾಡದೆಯೇ ಸುಸ್ತು ಬಂದು ಮೈಮೇಲೆ ಒದ್ದೆ ಕಂಬಳಿ ಹೊದಿಸಿಬಿಡುತ್ತದೆ. ಆ ದಿನ ಅಮರೇಶನೇ ಅಡುಗೆ ಮಾಡುತ್ತಾನೆ, ಉಪ್ಪು ಮರೆಯುತ್ತಾನೆ. ವರ್ಷಕ್ಕೊಮ್ಮೆ ಸ್ಕ್ಯಾನ್. ಪ್ರತಿ ಸಲ ಆ ಬಿಳಿ ಕೋಣೆಯಲ್ಲಿ ನನ್ನ ಹೆಸರು ಕರೆಯುವುದನ್ನೇ ಕಾಯುತ್ತೇನೆ. ಈವರೆಗೆ ಹೊಸ ಚುಕ್ಕೆ ಬಂದಿಲ್ಲ. ಮುಂದೆ ಬರಬಹುದು. ಆ ಮಾತನ್ನು ಜೊತೆಗಿಟ್ಟುಕೊಂಡೇ ನಗುವುದು, ಉಣ್ಣುವುದು, ಮಲಗುವುದು ಎಲ್ಲ ಬರುತ್ತದೆ. ಈಗಷ್ಟೇ ಹೆಸರು ಕೇಳಿ ಮನೆಗೆ ಬಂದವರು ಇದನ್ನು ನಂಬಲಾರರು. ನಾನೂ ನಂಬಿರಲಿಲ್ಲ.

ಹೋದ ವಾರ ಸಂತೆಕಲ್ಲೂರಿಗೆ ಹೋಗಿದ್ದೆ. ಮಧ್ಯಾಹ್ನ, ಊಟವಾಗಿ ಮನೆ ಸದ್ದಿಲ್ಲದೆ ಇತ್ತು. ಅತ್ತಿ ಪಡಸಾಲೆಯ ಚಾಪೆಯ ಮೇಲೆ ನಿದ್ದೆಯಲ್ಲಿದ್ದಳು. ಮೊದಲು ಅವಳು ಮಲಗುತ್ತಿದ್ದದ್ದು ಮುದುಡಿಕೊಂಡು, ಮೊಣಕಾಲು ಹೊಟ್ಟೆಗೆ ಹತ್ತಿ. ನಿದ್ದೆಯಲ್ಲೂ ಕಾಲು ಝಾಡಿಸಿ ಎಚ್ಚರವಾಗುತ್ತಿತ್ತು. ಅವತ್ತು ಅವಳು ಅಂಗಾತ ಮಲಗಿದ್ದಳು. ಕಾಲುಗಳು ಪೂರ್ತಿ ನೆಟ್ಟಗಿರಲಿಲ್ಲ, ಆದರೂ ಮುಂದಕ್ಕೆ ಚಾಚಿದ್ದವು. ಹಿಮ್ಮಡಿ ಚಾಪೆ ದಾಟಿ ತಂಪು ಬಂಡೆಗಲ್ಲಿನ ಮೇಲೆ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು.

ನೀರು ಕುಡಿಯಲು ಒಳಗೆ ಹೊರಟಿದ್ದ ಅಪ್ಪ ಅವಳನ್ನು ದಾಟಿ ಹೋಗುವುದು ಬಿಟ್ಟು, ಸುತ್ತಿಕೊಂಡು ಗೋಡೆಯ ಪಕ್ಕ ಹೋದ.

"ಎಬ್ಬಸಬ್ಯಾಡ," ಅಂದ. "ಮಲಗ್ಯಾಳ."